ಕವಲಿನ ಎಡಕ್ಕೆ ಹೊಳೆದ ಪಟ್ಟಿಗಳು

ಭಾನುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕಾಲಲ್ಲಿ, ಕಾಡು ನೋಡಲು ಬಂದವರಿಗೆ ಬಾಡಿಗೆಗೆ ಕೊಡುವ ಉದ್ದನೆಯ ರಬ್ಬರ್ ಬೂಟುಗಳು ಹಾಗೇ ಇದ್ದವು. ಆಸ್ಪತ್ರೆಯಿಂದ ನೇರವಾಗಿ ನಡೆದು ಬಂದಿದ್ದರು. ದೂರು ಬರೆದುಕೊಳ್ಳುವ ರೈಟರ್ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ.

"ನಮ್ಮ ಯಜಮಾನರು ರಾತ್ರಿ ಕಮರಿಗೆ ಬಿದ್ದು ತೀರಿಕೊಂಡ್ರು," ಎಂದರು. "ಅವರು ದಾರಿ ತಪ್ಪೋ ಮನುಷ್ಯ ಅಲ್ಲ. ಅದನ್ನ ಮೊದಲು ಬರ್ಕೊಳ್ಳಿ."

ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ತಾವೇ ಪೆನ್ನು ತೆಗೆದುಕೊಂಡರು. ಈ ಠಾಣೆಗೆ ವರ್ಗವಾಗಿ ಬಂದು ಅವರಿಗೆ ಆರು ತಿಂಗಳಾಗಿತ್ತು. ಒಂದು ಕಡೆ ಕೂತು ಯೋಚಿಸುವ ಅಭ್ಯಾಸ ಅವರಿಗಿಲ್ಲ; ಕೇಸು ಬಂತೆಂದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಲೇ ಇರುತ್ತಾರೆ. ಮೇಡಂ ಬಂದ ಮೇಲೆ ಠಾಣೆಯ ನೆಲಕ್ಕೆ ಪಾಲಿಶ್ ಮಾಡಿಸುವ ಖರ್ಚು ಉಳಿಯಿತು ಎಂದು ದಫೇದಾರ ಹಿಂದಿನಿಂದ ನಗೆಯಾಡುತ್ತಿದ್ದ. ಅವತ್ತು ಮಾತ್ರ ಆ ಹೆಂಗಸು ಹೇಳಿ ಮುಗಿಸುವ ತನಕ ಅವರು ಅಲುಗಾಡಲಿಲ್ಲ.

ಸತ್ತವರು ಅರವತ್ತೊಂದು ವರ್ಷದ ಗಡಿಯಾರ ರಿಪೇರಿಯವರು. ಆಯುಷ್ಯವೆಲ್ಲ ಒಂದೇ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಳೆದವರು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ, ನೋಡದೆ ಬಿಟ್ಟಿದ್ದ ಊರುಗಳನ್ನೆಲ್ಲ ನೋಡಿಬಿಡೋಣ ಎಂದು ಹೆಂಡತಿಯ ಜೊತೆ ಹೊರಟಿದ್ದರು. ಬೆಟ್ಟದ ಮೇಲಿನ ಹಳ್ಳಿಗೆ ಶನಿವಾರ ಮಧ್ಯಾಹ್ನ ಬಂದಿಳಿದಿದ್ದರು.

ಆ ಹಳ್ಳಿಯ ಬೆನ್ನಿಗೇ ಒಂದು ಕಾಡು. ವರ್ಷದ ಹೆಚ್ಚು ದಿನ ಅದು ಮೋಡದೊಳಗೇ ಇರುತ್ತದೆ. ಮಳೆ ಇಲ್ಲದಾಗಲೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತದೆ. ಹಗಲಲ್ಲಿ ನೋಡಲು ಹೆಚ್ಚೇನಿಲ್ಲ. ಕತ್ತಲಾದ ಮೇಲೆ ಮರಗಪ್ಪೆ, ಗೂಬೆ, ಮುಳ್ಳುಹಂದಿ, ಅಂಗೈಯಗಲದ ಪತಂಗಗಳು ಹೊರಬೀಳುತ್ತವೆ. ಅವನ್ನು ತೋರಿಸಲೆಂದೇ ಹಳ್ಳಿಯ ಗೈಡ್ ಒಬ್ಬ ರಾತ್ರಿ ನಡಿಗೆ ನಡೆಸುತ್ತಿದ್ದ. ಏಳು ಗಂಟೆಗೊಂದು ಸುತ್ತು, ಒಂಬತ್ತಕ್ಕೆ ಇನ್ನೊಂದು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಬರುವ ದಾರಿಯ ಮರಗಳಿಗೆ ಬೆರಳಗಲದ ಮಿನುಗುವ ಪಟ್ಟಿಗಳನ್ನು ಹೊಡೆದಿದ್ದರು. ಟಾರ್ಚ್ ಬೆಳಕು ಬಿದ್ದರೆ ದೂರದಿಂದಲೇ ಹೊಳೆಯುತ್ತವೆ.

ಎರಡನೇ ಸುತ್ತಿಗೆ ಈ ದಂಪತಿಗಳೂ ಸೇರಿ ಆರು ಜನ ಹೋಗಿದ್ದರು. ವಾಪಸ್ ಬರುವಾಗ ಎಲೆಯ ಕೆಳಗೆ ಕೂತಿದ್ದ ಕಪ್ಪೆಯೊಂದನ್ನು ತೋರಿಸಲು ಗೈಡ್ ಎಲ್ಲರನ್ನೂ ನಿಲ್ಲಿಸಿದ. ಗಡಿಯಾರದವರಿಗೆ ಮೊಣಕಾಲು ನೋಯುತ್ತಿತ್ತು, ಚಳಿಯೂ ಹತ್ತಿತ್ತು. ಮೆಲ್ಲಗೆ ಮುಂದೆ ಹೋಗಿರುತ್ತೇನೆ ಎಂದರು. ಪಟ್ಟಿ ನೋಡಿಕೊಂಡು ಹೋಗಿ, ನೇರ ಟಿಕೆಟ್ ಕೊಡುವ ಶೆಡ್ಡಿಗೇ ಸೇರುತ್ತೀರಿ ಎಂದು ಗೈಡ್ ಒಪ್ಪಿದ. ಉಳಿದವರು ಶೆಡ್ಡಿಗೆ ಬಂದಾಗ ಅವರು ಅಲ್ಲಿರಲಿಲ್ಲ.

"ನೀವು ಹೋಗಿರಿ, ನಾನು ಕಪ್ಪೆ ನೋಡ್ಕೊಂಡು ಬರ್ತೀನಿ ಅಂದೆ," ಎಂದು ಹೆಂಗಸು ಹೇಳಿದರು. ಅಷ್ಟು ಹೇಳಿ ಮುಗಿಸಿ, ಆಮೇಲೆ ಕೂತರು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ ಗೈಡ್ ವಿರುದ್ಧ ಎಫ್‌ಐಆರ್ ದಾಖಲಾಯಿತು. ಅವನನ್ನು ಹುಡುಕಿಕೊಂಡು ಹೋಗುವ ಕೆಲಸ ಬೀಳಲಿಲ್ಲ. ಬೆಟ್ಟದಿಂದ ಇಳಿಯುವ ಮೊದಲ ಬಸ್ಸಿಗೆ ತಾನೇ ಬಂದ. ಬಸ್ಸು ಠಾಣೆಯ ಎದುರು ನಿಂತು, ಅವನನ್ನು ಇಳಿಸಿ, ಇಂಜಿನ್ ಗುರುಗುಟ್ಟಿಸುತ್ತ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಡ್ರೈವರ್ ಅವನ ಹೆಂಡತಿಯ ಅಣ್ಣ ಎಂದು ದಫೇದಾರ ಹೇಳಿದ. ರಾತ್ರಿ ಹಗ್ಗ ಕಟ್ಟಿಕೊಂಡು ಕಮರಿಗಿಳಿದು ಶವ ಮೇಲಕ್ಕೆ ತಂದವನೂ ಆ ಡ್ರೈವರೇ.

"ರಾತ್ರಿಯೆಲ್ಲ ಹೆಣ ಎತ್ತಿ, ಬೆಳಗಾಗೋದ್ರೊಳಗೆ ಬಸ್ಸು ಓಡಿಸಿದಾನಾ?" ಎಂದರು ಇನ್‌ಸ್ಪೆಕ್ಟರ್.

"ಬೇರೆ ಡ್ರೈವರ್ ಎಲ್ಲಿ ಮೇಡಂ? ಆ ತಿರುವುಗಳಲ್ಲಿ ಓಡಿಸೋಕೆ ಬರೋದು ಇಬ್ಬರಿಗೇ."

ಗೈಡ್ ಬೆಂಚಿನ ತುದಿಯಲ್ಲಿ ಕೂತಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಮಾತೇ ಅವನ ಕಸುಬಾಗಿದ್ದರೂ ಅವತ್ತು ಒಂದೊಂದು ಮಾತನ್ನೂ ಹೊರಗೆಳೆಯಬೇಕಾಯಿತು.

"ಒಬ್ಬರನ್ನೇ ಯಾಕೆ ಬಿಟ್ರಿ?"

"ಸ್ವಲ್ಪ ದಾರಿ ಮೇಡಂ. ಪಟ್ಟಿ ಇತ್ತಲ್ಲ."

"ನಿಯಮ ಏನಿದೆ?"

"ಬಿಡಬಾರದು."

ಬೆಳಿಗ್ಗೆ ಒಂಬತ್ತಕ್ಕೆ ಅವನನ್ನೂ ಕರೆದುಕೊಂಡು ಜೀಪು ಬೆಟ್ಟ ಹತ್ತಿತು. ಹಳ್ಳಿಯ ಚಹಾದಂಗಡಿಯಾಕೆ ಮತ್ತು ನಡಿಗೆಯ ಟಿಕೆಟ್ ಕೊಡುವವ ಸಾಕ್ಷಿ ಹಾಕುವ ಪಂಚರಾಗಿ ಬಂದರು. ಕಾಡಿನೊಳಗೆ ಹಗಲೂ ಮಬ್ಬು. ಮಂಜು ನಿಂತಲ್ಲಿ ನಿಲ್ಲದೆ ಮರಗಳ ನಡುವೆ ಹಾಯುತ್ತಿತ್ತು. ಈಗ ಕಂಡ ಮರ ಇನ್ನೊಂದು ಗಳಿಗೆಗೆ ಇಲ್ಲ. ಕಮರಿಯ ತಳದಲ್ಲಿ ಹರಿಯುವ ತೊರೆಯ ಸದ್ದು ಎಲ್ಲೆಡೆಯೂ ಒಂದೇ ಸಮನೆ ಕೇಳುತ್ತಿತ್ತು.

ದಾರಿ ಒಂದು ಕಡೆ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಒಂದು ಬಯಲು, ಅಲ್ಲಿಂದ ಮುಂದೆ ಶೆಡ್ಡು. ಎಡಕ್ಕೆ ಹಳೇ ದಾರಿ. ಕಳೆದ ಮಳೆಗಾಲದಲ್ಲಿ ಅದರ ಅಂಚು ಕುಸಿದು ಕಮರಿಗೆ ಹೋಗಿತ್ತು. ಅಡ್ಡಲಾಗಿ ಕಟ್ಟಿದ್ದ ಹಗ್ಗ ಕೊಳೆತು ನೆಲಕ್ಕೆ ಬಿದ್ದಿತ್ತು. ಯಾರೂ ಕತ್ತರಿಸಿದ ಗುರುತಿಲ್ಲ ಎಂದು ಪಂಚನಾಮೆಯಲ್ಲಿ ಬರೆದರು. ಕುಸಿದ ಅಂಚಿನಲ್ಲಿ ಬೂಟು ಜಾರಿದ ಗೀರು ಸ್ಪಷ್ಟವಾಗಿತ್ತು. ಎಡಗಡೆಯ ಮರಗಳಲ್ಲಿ ಪಟ್ಟಿ ಇರಲಿಲ್ಲ. ಬಲಗಡೆ ಎಲ್ಲವೂ ಇದ್ದವು, ಎಲ್ಲಕ್ಕೂ ಮೇಲೊಂದು ಕೆಳಗೊಂದು ಮೊಳೆ.

ಇನ್‌ಸ್ಪೆಕ್ಟರ್ ಕವಲಿನಲ್ಲಿ ನಿಂತು ಬಲಕ್ಕೆ ನಾಲ್ಕು ಹೆಜ್ಜೆ ಹೋಗಿ ಬಂದರು, ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ ಬಂದರು. ಮತ್ತೆ ಬಲಕ್ಕೆ ಹೋದರು.

"ಮಂಜು ಕವಿದಿತ್ತಲ್ಲ ಮೇಡಂ," ಎಂದ ದಫೇದಾರ. "ವಯಸ್ಸಾದವರು. ಕಾಲು ನೋವು ಬೇರೆ."

"ಕೈಯಲ್ಲಿ ಟಾರ್ಚ್ ಇತ್ತು. ಹೊಳೆಯೋ ದಾರಿ ಬಿಟ್ಟು ಕತ್ತಲೆ ದಾರಿ ಯಾಕೆ ಹಿಡೀತಾರೆ?"

ದಫೇದಾರ ಗಡಿಯಾರ ನೋಡಿಕೊಂಡ. ಅವನಿಗೆ ಹಸಿವಾಗಿತ್ತು.

ಸೋಮವಾರ ಮರಣೋತ್ತರ ವರದಿ ಬಂತು. ಬಿದ್ದ ಪೆಟ್ಟುಗಳ ಹೊರತು ಮೈಮೇಲೆ ಬೇರೆ ಗಾಯವಿಲ್ಲ, ಹೊಟ್ಟೆಯಲ್ಲಿ ಮದ್ಯವಿಲ್ಲ. ಮೇಲಧಿಕಾರಿಗಳು ಫೋನ್ ಮಾಡಿ, ನಿರ್ಲಕ್ಷ್ಯದ ಕೇಸು ತಾನೇ, ಬೇಗ ಮುಗಿಸಿ ಎಂದರು. ಇನ್‌ಸ್ಪೆಕ್ಟರ್ ಆಗಲಿ ಎಂದರು, ಆದರೆ ಫೈಲು ಮುಚ್ಚಲಿಲ್ಲ. ಶವದ ಜೇಬಿನಲ್ಲಿ ಸಿಕ್ಕಿದ್ದ ಫೋನು ಚೂರಾಗಿ, ಆನ್ ಆಗದೆ, ವಶಪಡಿಸಿಕೊಂಡ ವಸ್ತುಗಳನ್ನಿಡುವ ಮುದ್ದೆಮಾಲಿನ ಚೀಲದಲ್ಲಿತ್ತು. ಅದನ್ನು ಜಿಲ್ಲಾ ಕಚೇರಿಯ ತಂತ್ರಜ್ಞರ ಹತ್ತಿರ ಕಳಿಸಿದರು. ಮಂಗಳವಾರ ಮಧ್ಯಾಹ್ನ ಅಲ್ಲಿಂದ ಚಿತ್ರಗಳು ಬಂದವು.

ಗಡಿಯಾರದವರು ಸಣ್ಣದನ್ನೇ ನೋಡುತ್ತ ಬದುಕಿದವರು. ಆ ರಾತ್ರಿ ತೆಗೆದದ್ದೆಲ್ಲ ಸಣ್ಣದೇ: ಜೇಡ, ಎಲೆಯ ಮೇಲಿನ ಮೊಟ್ಟೆ, ಹೆಂಡತಿಯ ತೋಳಿನ ಮೇಲೆ ಕೂತ ಹುಳು. ಕೊನೆಯದನ್ನು ತೆಗೆದದ್ದು ಹತ್ತೂ ನಲವತ್ತೇಳಕ್ಕೆ. ಒಂದು ಮರದ ಕಾಂಡ, ಅದರ ಮೇಲೆ ರೆಕ್ಕೆ ಹರಡಿ ಕೂತ ಕಂದು ಪತಂಗ, ಅದರ ಪಕ್ಕದಲ್ಲೇ ಬೆಳ್ಳಗೆ ಹೊಳೆಯುವ ಪಟ್ಟಿ.

ಇನ್‌ಸ್ಪೆಕ್ಟರ್ ಚಿತ್ರವನ್ನು ದೊಡ್ಡದು ಮಾಡಿ ದಫೇದಾರನ ಮುಂದಿಟ್ಟರು. "ಮೊಳೆ ಎಲ್ಲಿದೆ?"

ದಫೇದಾರ ಕನ್ನಡಕ ಹಾಕಿಕೊಂಡು ನೋಡಿದ. ಮೊಳೆ ಇರಲಿಲ್ಲ. ಪಟ್ಟಿಯ ಮೇಲೂ ಕೆಳಗೂ, ವೈರಿಗೆ ಸುತ್ತುವ ಕಪ್ಪು ಟೇಪು ಅಂಟಿಸಿತ್ತು.

ಅವತ್ತೇ ಮತ್ತೆ ಬೆಟ್ಟ ಹತ್ತಿದರು. ಚಿತ್ರದಲ್ಲಿದ್ದ ಕಾಂಡದ ತೊಗಟೆ ನುಣ್ಣಗಿತ್ತು, ಮೇಲೆ ಓರೆಯಾಗಿ ಒಂದು ಹಳೆಯ ಗಾಯದ ಗುರುತು. ಬಲಗಡೆಯ ದಾರಿಯಲ್ಲಿ ಅಂಥ ಮರವೇ ಇಲ್ಲ. ಎಡಗಡೆ, ಕುಸಿದ ಅಂಚಿಗೆ ಸ್ವಲ್ಪ ಹಿಂದೆ, ಅದು ಸಿಕ್ಕಿತು. ಕೈಯಾಡಿಸಿದರೆ ಅಂಟಂಟು. ಕಾನ್‌ಸ್ಟೇಬಲ್‌ಗಳಿಬ್ಬರು ಮಂಡಿಯೂರಿ ತರಗೆಲೆ ಕೆದಕಿದರು. ಬೇರಿನ ಸಂದಿಯಲ್ಲಿ ಸುರುಳಿ ಸುತ್ತಿಕೊಂಡ ಟೇಪಿನ ತುಂಡೊಂದು ಸಿಕ್ಕಿತು. ಬಲಗಡೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ, ಕವಲಿಗೆ ಹತ್ತಿರದ ಐದರ ತುದಿಗಳಲ್ಲಿ ಅದೇ ಕರಿ ಅಂಟು ಇತ್ತು.

ಅಂದರೆ ಆ ರಾತ್ರಿ ಐದು ಪಟ್ಟಿಗಳನ್ನು ಯಾರೋ ಬಲಗಡೆಯಿಂದ ಕಿತ್ತು ಎಡಕ್ಕೆ ಅಂಟಿಸಿದ್ದರು. ಪೊಲೀಸರು ಬರುವಷ್ಟರಲ್ಲಿ ಮತ್ತೆ ಇದ್ದಲ್ಲೇ ಹೊಡೆದಿದ್ದರು. ಮೊದಲನೇ ಸುತ್ತಿನವರಲ್ಲೊಬ್ಬರು ಎಂಟೂವರೆಗೆ ಬಲಗಡೆಯೇ ಪಟ್ಟಿ ಹೊಳೆದದ್ದನ್ನು ನೋಡಿದ್ದರಿಂದ, ಕಿತ್ತದ್ದು ಅದಾದ ಮೇಲೆ.

ಜಾಮೀನಿನ ಮೇಲೆ ಹೋಗಿದ್ದ ಗೈಡ್‌ನನ್ನು ಅವನ ಮನೆಯಲ್ಲೇ ಪ್ರಶ್ನಿಸಿದರು. ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋಗದೆ ಬಾಗಿಲಿಗೊರಗಿ ನಿಂತಳು.

"ನೀವು ಉಳಿದವರನ್ನ ಕರ್ಕೊಂಡು ಕವಲಿಗೆ ಬಂದಾಗ ಪಟ್ಟಿ ಯಾವ ಕಡೆ ಹೊಳೀತಿತ್ತು?"

"ನೋಡ್ಲಿಲ್ಲ ಮೇಡಂ."

"ನೋಡ್ಲಿಲ್ಲ ಅಂದ್ರೆ?"

"ಪಟ್ಟಿ ಇರೋದು ಬಂದೋರ ಧೈರ್ಯಕ್ಕೆ. ನಾನು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕಾಲ ಬುಡಕ್ಕೆ ಹಿಡಿದು, ಮಾತಾಡ್ತಾ ಬರ್ತೀನಿ, ಬಂದೋರೂ ಆ ಬೆಳಕನ್ನೇ ನೋಡ್ಕೊಂಡು ಹಿಂದೆ ಬರ್ತಾರೆ. ಹನ್ನೊಂದು ವರ್ಷದ ದಾರಿ. ಕಾಲಿಗೇ ಗೊತ್ತು."

"ಹುಡುಕೋಕೆ ಶುರು ಮಾಡಿದಾಗ ಮೊದಲು ಎಲ್ಲಿಗೆ ಹೋದ್ರಿ?"

ತೊರೆಯ ಮೇಲ್ಗಡೆಗೆ ಹೋಗಿದ್ದಾಗಿ ಅವನು ಹೇಳಿದ. ಹಳೇ ದಾರಿಯ ಯೋಚನೆಯೇ ತನಗೆ ಬರಲಿಲ್ಲ. ಕೂಗಾಟ ಕೇಳಿ ಹಗ್ಗ, ಟಾರ್ಚ್ ಹಿಡಿದು ಓಡಿಬಂದ ಭಾವ, ಎಂದರೆ ಬಸ್ ಡ್ರೈವರ್, ಯಾರನ್ನೂ ಏನೂ ಕೇಳದೆ, ಎಲ್ಲರಿಗಿಂತ ಮುಂದೆ, ಒಬ್ಬನೇ ಎಡಕ್ಕೆ ಹೋದ. ಕಮರಿಯಿಂದ ನರಳುವುದು ಮನೆಯ ಜಗಲಿಗೇ ಕೇಳಿಸಿತು ಎಂದನಂತೆ. ಶವ ಮೇಲೆ ಬಂದ ಮೇಲೆ ಉಳಿದವರು ಅದನ್ನು ಶೆಡ್ಡಿಗೆ ಹೊತ್ತರು. ಭಾವ ಹಗ್ಗ ಸುತ್ತಿಕೊಂಡು ಬರುತ್ತೇನೆಂದು ಹಿಂದೆ ಉಳಿದ.

ಇದನ್ನು ಹೇಳುತ್ತ ಹೇಳುತ್ತ ಗೈಡ್‌ನ ದನಿ ಇಳಿಯಿತು. ಬಾಗಿಲಲ್ಲಿದ್ದ ಹೆಂಡತಿ ಒಳಗೆ ಹೋಗಿಬಿಟ್ಟಳು.

ಡ್ರೈವರ್‌ನ ಮನೆ ಕಾಡಂಚಿನಲ್ಲಿ, ಕವಲಿನ ಬಲಕ್ಕೆ ಸಿಗುವ ಬಯಲಿನ ಎದುರಿಗೇ ಇತ್ತು. ಬುಧವಾರ ಬೆಳಿಗ್ಗೆ ಅವನು ಬಸ್ಸು ಓಡಿಸಲು ಹೋಗಿದ್ದಾಗ ಇನ್‌ಸ್ಪೆಕ್ಟರ್ ಆ ಮನೆಯ ಜಗಲಿಯಲ್ಲಿ ನಿಂತರು. ಅವರ ಮಾತಿನಂತೆ ಒಬ್ಬ ಕಾನ್‌ಸ್ಟೇಬಲ್ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಶವ ಸಿಕ್ಕ ಜಾಗಕ್ಕಿಳಿದು, ಗಂಟಲು ಹರಿಯುವಂತೆ ಕೂಗಿದ. ಜಗಲಿಗೆ ಕೇಳಿದ್ದು ತೊರೆಯ ಸದ್ದು ಮಾತ್ರ. ಮೂರು ಸಲ ಕೂಗಿಸಿದರು. ಆಮೇಲೆ ದಫೇದಾರನೂ ಜಗಲಿಗೆ ಬಂದು ಕಿವಿಗೊಟ್ಟ.

"ಮೇಲೆ ಬಂದು, ಕೇಳಿಸ್ತಾ ಅಂತ ಕೇಳ್ತಾನೆ ನೋಡಿ ಪಾಪ," ಎಂದ. ಇನ್‌ಸ್ಪೆಕ್ಟರ್ ನಗಲಿಲ್ಲ.

ಎರಡು ಗಂಟೆಗೆ ಡ್ರೈವರ್ ಮನೆಗೆ ಬಂದ. ಐವತ್ತಕ್ಕೆ ಹತ್ತಿರದವನು, ಎತ್ತರದ ಆಳು, ಹೆಂಡತಿ ತೀರಿಹೋದ ಮೇಲೆ ಒಂಟಿ. ಪೊಲೀಸರನ್ನು ಕಂಡು ಬೆದರಲಿಲ್ಲ, ಒಳಗೆ ಕರೆದ. ಮನೆ ಅಚ್ಚುಕಟ್ಟಾಗಿತ್ತು. ಮಲಗುವ ಕೋಣೆಯ ಬಾಗಿಲು ತೆಗೆದಾಗ ಮಾತ್ರ ಇನ್‌ಸ್ಪೆಕ್ಟರ್ ಹೊಸ್ತಿಲಲ್ಲೇ ನಿಂತರು. ಕಿಟಕಿಯ ಗಾಜಿಗೆ ಕಪ್ಪು ಬಣ್ಣ ಬಳಿದಿತ್ತು. ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಕಂಬಳಿ, ಕಂಬಳಿಯ ಮುಂದೆ ನೀಲಿ ಹೂವಿನ ಹೊಸ ಪರದೆ. ಮಂಚವನ್ನು ಕಿಟಕಿಯಿಂದ ದೂರ ಎಳೆದು, ಗೋಡೆಯ ಕಡೆಗೆ ತಲೆ ಬರುವಂತೆ ತಿರುಗಿಸಿದ್ದ. ನೆಲದ ಮೇಲಿನ ಗೀರುಗಳನ್ನು ನೋಡಿದರೆ ಅದು ಕೋಣೆಯ ನಾಲ್ಕೂ ಮೂಲೆ ಸುತ್ತಿ ಬಂದಿತ್ತು.

"ನಿದ್ದೆ ಹೇಗೆ?" ಎಂದು ಕೇಳಿದರು.

"ಬರುತ್ತೆ," ಎಂದ. ಕಣ್ಣಿನ ಕೆಳಗೆ ಚರ್ಮ ಕಪ್ಪಿಟ್ಟು ಜೋತಿತ್ತು.

ಕಮರಿಗಿಳಿದವರೆಲ್ಲರ ಬೆರಳಚ್ಚು ಬೇಕು, ಯಾರದು ಯಾವುದು ಎಂದು ಬೇರ್ಪಡಿಸಲು, ಎಂದು ಇನ್‌ಸ್ಪೆಕ್ಟರ್ ಹೇಳಿದರು. ಅವನು ತಕರಾರಿಲ್ಲದೆ ಕೈ ಚಾಚಿದ. ಬೆರಳು ಒತ್ತುವಾಗ ಒಮ್ಮೆ ತೂಕಡಿಸಿ, ತಲೆ ಕೊಡವಿ ಎಚ್ಚೆತ್ತ.

ಕಿಟಕಿಯ ಎದುರಿನ ಬಯಲಿನಲ್ಲಿ ಎರಡು ಕಂಬಗಳನ್ನು ನೆಟ್ಟಿದ್ದರು. ರಾತ್ರಿ ಅವುಗಳ ನಡುವೆ ಬಿಳಿ ಬಟ್ಟೆ ಕಟ್ಟಿ ದೊಡ್ಡ ದೀಪ ಹಚ್ಚುತ್ತಾರೆ, ಪತಂಗಗಳು ಬಂದು ಬಟ್ಟೆಯ ತುಂಬ ಕೂರುತ್ತವೆ, ನಡಿಗೆಯ ಕೊನೆಗೆ ಎಲ್ಲರೂ ನಿಂತು ನೋಡುವುದು ಅದನ್ನೇ ಎಂದು ಟಿಕೆಟ್ ಕೊಡುವವ ವಿವರಿಸಿದ. ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಿತ್ತು. ಬೀಗ ಯಾಕೆಂದರೆ, ಎರಡು ಸಲ ಯಾರೋ ವೈರ್ ಕಿತ್ತಿದ್ದರಂತೆ. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮನೆಯವರೇ ಆದ್ದರಿಂದ ಗೈಡ್ ಬಾಯಿಬಿಟ್ಟಿರಲಿಲ್ಲ.

ಇನ್ನುಳಿದದ್ದು ಕಂಡಕ್ಟರ್. ವಾಚಾಳಿ ಮನುಷ್ಯ; ಬಸ್ಸಿನಲ್ಲಿ ಟಿಕೆಟ್ಟಿಗಿಂತ ಮಾತು ಹೆಚ್ಚು ಹರಿದುಕೊಡುತ್ತಾನೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಠಾಣೆಯಲ್ಲಿ ಅವನು ಹವಾಮಾನ, ರಸ್ತೆ, ಡಿಪೋದ ಮೇಸ್ತ್ರಿ ಎಲ್ಲದರ ಬಗ್ಗೆಯೂ ಹೇಳಿದ. ಡ್ರೈವರ್‌ನ ಮಾತು ಬಂದಾಗ ಮಾತ್ರ ಒಳ್ಳೆಯವನು ಎಂದು ಸುಮ್ಮನಾದ. ಇನ್‌ಸ್ಪೆಕ್ಟರ್ ಅವನ ಸುತ್ತ ಒಂದು ಸುತ್ತು ಬಂದು, ಎದುರಿಗೆ ಕುರ್ಚಿ ಎಳೆದು ಕೂತರು.

"ನಿಮ್ಮ ಡ್ರೈವರ್ ಗಾಡಿ ಓಡಿಸ್ತಾ ನಿದ್ದೆ ಮಾಡಿದಾರಾ?"

ಕಂಡಕ್ಟರ್ ಬಹಳ ಹೊತ್ತು ತನ್ನ ಚೀಲದ ಬಕಲ್ ತೆಗೆದು ಹಾಕಿ ಮಾಡಿದ.

"ಒಂದೇ ಸಲ ಮೇಡಂ. ಹೋದ ತಿಂಗಳು."

ಆಮೇಲೆ ತಡೆಯಿಲ್ಲದೆ ಹೇಳಿದ. ಬೆಳಗಿನ ಬಸ್ಸು, ಕೂರಲು ಜಾಗವಿಲ್ಲದಷ್ಟು ಜನ, ಅದರಲ್ಲಿ ಅರ್ಧ ಶಾಲೆಗೆ ಹೋಗುವ ಮಕ್ಕಳು. ಬಂಡೆಯ ತಿರುವಿಗೆ ಬಂದಾಗ ಸ್ಟೀರಿಂಗ್ ತಿರುಗುತ್ತಿಲ್ಲ ಎನಿಸಿ ನೋಡಿದರೆ ಡ್ರೈವರ್‌ನ ಗಲ್ಲ ಎದೆಗೆ ತಾಗಿತ್ತು. ಕಂಡಕ್ಟರ್ ಹಾರಿ ಸ್ಟೀರಿಂಗ್ ಎಳೆದ. ಎಡಗಡೆಯ ಚಕ್ರ ಅಂಚಿನ ಕಲ್ಲಿಗೆ ಹತ್ತಿ ಇಳಿಯಿತು. ಗುಂಡಿ ಎಂದುಕೊಂಡು ಜನ ಬೈದರು. ಒಬ್ಬಾಕೆಯ ಹಾಲಿನ ಕ್ಯಾನು ಉರುಳಿ, ಅದರ ಜಗಳ ಕೆಳಗಿನ ಊರಿನ ತನಕ ನಡೆಯಿತು. ಅವತ್ತಿನಿಂದ ಕಂಡಕ್ಟರ್ ಇಳಿಜಾರು ಮುಗಿಯುವ ತನಕ ಡ್ರೈವರ್ ಪಕ್ಕದಲ್ಲೇ ನಿಂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದ. ವಾಚಾಳಿ ಎಂಬ ಹೆಸರು ಬಂದದ್ದು ಹಾಗೆ.

"ಡಿಪೋಗೆ ಯಾಕೆ ಹೇಳ್ಲಿಲ್ಲ?"

"ಅವರೇ ಹೇಳಿದ್ರು. ಮಧ್ಯಾಹ್ನದ ಪಾಳಿ ಕೊಡಿ ಅಂತ ಎರಡು ಸಲ ಕೇಳಿದ್ರು. ಬದಲಿಗೆ ಬರೋನು ಬೆಳಿಗ್ಗೆ ಓಡಿಸಲ್ಲ ಅಂದ."

ಗುರುವಾರ ಸಂಜೆ ಬೆರಳಚ್ಚಿನ ವರದಿ ಬಂತು. ಟೇಪಿನ ಅಂಟಿನ ಬದಿಯಲ್ಲಿ ಉಳಿದಿದ್ದ ಹೆಬ್ಬೆರಳಿನ ಗುರುತು ಡ್ರೈವರ್‌ನದು. ಬದಲಿಯವನು ಬಾರದ್ದರಿಂದ ಅವನ ಪಾಳಿಯನ್ನೂ ಮಾಡಲು ಡ್ರೈವರ್ ಆಗ ಡಿಪೋದಲ್ಲೇ ಇದ್ದ, ರಾತ್ರಿ ಕೊನೆಯ ಬಸ್ಸನ್ನು ಬೆಟ್ಟಕ್ಕೆ ಏರಿಸಬೇಕಿತ್ತು. ಇನ್‌ಸ್ಪೆಕ್ಟರ್ ಡಿಪೋಗೆ ಹೋದಾಗ ಜನ ಹತ್ತಿ ಕೂತಾಗಿತ್ತು. ಬಾನೆಟ್ಟಿನ ಪಕ್ಕದ ಪೆಟ್ಟಿಗೆಯಲ್ಲಿ, ಸ್ಪಾನರುಗಳ ನಡುವೆ, ಅರ್ಧ ಮುಗಿದ ಕಪ್ಪು ಟೇಪಿನ ಉರುಳೆ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಎತ್ತಿಕೊಂಡದ್ದನ್ನು ಡ್ರೈವರ್ ನೋಡಿದ. ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಕೀಲಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಕೆಳಗಿಳಿದ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಎಲ್ಲರಿಗಿಂತ ಮುಂದೆ ಓಡಿ ಎಡಗಡೆಯ ಪಟ್ಟಿ ಕಿತ್ತದ್ದನ್ನೂ, ಶವ ಹೊತ್ತು ಜನ ಹೋದ ಮೇಲೆ ಅವನ್ನು ಮತ್ತೆ ಬಲಕ್ಕೆ ಹೊಡೆದದ್ದನ್ನೂ ಹೇಳಿದ.

ಬೆಳಗಿನ ಜಾವ ಮೂರೂವರೆಗೆ ಏಳುವವನು ಅವನು. ಎಂಟಕ್ಕೆ ಮಲಗಬೇಕು. ಹೋದ ವರ್ಷ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿದ ಮೇಲೆ ಮಧ್ಯರಾತ್ರಿಯ ತನಕ ಕೋಣೆ ಬೆಳ್ಳಗಿರುತ್ತಿತ್ತು. ಕಿಟಕಿ ಮುಚ್ಚಿದರೆ ಮಾಡಿನ ಸಂದಿಯಿಂದ ಬರುತ್ತಿತ್ತು. ಬೆಳಕು ತಡೆದರೆ ಮಾತು ಕೇಳುತ್ತಿತ್ತು. ಪಿಸುಮಾತೇ, ಆದರೆ ಏನು ಹೇಳುತ್ತಿದ್ದಾರೆಂದು ಕಿವಿ ತಾನಾಗಿ ಹೋಗುತ್ತಿತ್ತು. ಹಗಲು ಮಲಗಿ ನೋಡಿದ, ಆಗಲಿಲ್ಲ. ಬಟ್ಟೆಯನ್ನು ಬೇರೆ ಕಡೆ ಕಟ್ಟು ಎಂದು ತಂಗಿಯ ಗಂಡನಿಗೆ ಎಷ್ಟೋ ಸಲ ಹೇಳಿದ. ಪತಂಗ ಬರುವುದು ಅಲ್ಲಿಗೇ, ಬಂದವರು ದುಡ್ಡು ಕೊಡುವುದು ಅದಕ್ಕೇ ಎಂದು ಅವನು ಸಮಾಧಾನ ಮಾಡಿ ಕಳಿಸುತ್ತಿದ್ದ. ಬಂಡೆಯ ತಿರುವಿನಲ್ಲಿ ಎಚ್ಚರವಾದ ದಿನದಿಂದ, ಕತ್ತಲಾಗುತ್ತಲೇ ಬಯಲಿನಲ್ಲಿ ದೀಪ ಹತ್ತಿತೇ ಎಂದು ಮತ್ತೆ ಮತ್ತೆ ಜಗಲಿಗೆ ಬಂದು ನೋಡುತ್ತಿದ್ದ.

"ಪಟ್ಟಿ ತಿರುಗಿಸಿದ್ರೆ ಏನಾಗುತ್ತೆ ಅಂದ್ಕೊಂಡಿದ್ರಿ?"

"ತಂಗಿ ಗಂಡ ಮುಂದೆ ಇರ್ತಾನೆ. ಹಗ್ಗದ ತನಕ ಹೋಗಿ, ತಪ್ಪಿತು ಅಂತ ವಾಪಸ್ ಬರ್ತಾನೆ. ನಾಲ್ಕು ದಿನ ಹಿಂಗಾದ್ರೆ ಬಂದವರು ಬೈತಾರೆ. ಆ ದಾರೀನೂ ಬಯಲೂ ಬೇಡ ಅಂತ ಬಿಡ್ತಾನೆ ಅಂದ್ಕೊಂಡೆ."

"ಹಗ್ಗ ನೋಡಿದ್ರಾ?"

"ಇತ್ತು."

"ಅವತ್ತು ನೋಡಿದ್ರಾ?"

"ಇಲ್ಲ. ಅಂಚು ಕುಸಿದದ್ದು ಗೊತ್ತಿತ್ತು. ಹಗ್ಗ ಇದೆ ಅಂತಲೇ ಇದ್ದೆ."

ಇನ್‌ಸ್ಪೆಕ್ಟರ್ ಎದ್ದು ಕಿಟಕಿಯ ತನಕ ಹೋಗಿ ತಿರುಗಿ ಬಂದರು. "ನಿಮ್ಮ ತಂಗಿ ಗಂಡ ಆ ಪಟ್ಟಿಗಳ ಕಡೆ ನೋಡೋದೇ ಇಲ್ಲವಂತೆ. ಅವತ್ತೂ ನೋಡ್ಲಿಲ್ಲ. ಉಳಿದವರನ್ನ ಕರ್ಕೊಂಡು ಸೀದಾ ಬಲಕ್ಕೆ ಬಂದ್ರು."

ಡ್ರೈವರ್ ಅವರ ಮುಖವನ್ನೇ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಪಟ್ಟಿಗಳನ್ನು ನಂಬಿ ನಡೆಯುವವನು ಊರಿಗೆ ಹೊಸಬ, ಅದೂ ಒಂಟಿಯಾಗಿ ಬಂದವನು ಮಾತ್ರ. ಡ್ರೈವರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಡ್ರೈವರ್‌ನ ಮೇಲೆ ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯನಾಶ ಎಂದು ಎಫ್‌ಐಆರ್‌ಗೆ ಸೇರಿಸಿದರು. ಗೈಡ್‌ನ ಮೇಲಿನ ನಿರ್ಲಕ್ಷ್ಯದ ಆರೋಪ ಹಾಗೇ ಉಳಿಯಿತು. ಒಬ್ಬರನ್ನೇ ಬಿಟ್ಟದ್ದೂ ಹಗ್ಗ ಕೊಳೆಯಲು ಬಿಟ್ಟದ್ದೂ ಅವನೇ. ಸತ್ತವರ ಹೆಂಡತಿಗೆ ಇನ್‌ಸ್ಪೆಕ್ಟರ್ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ಅವರು ದಾರಿ ತಪ್ಪಲಿಲ್ಲ ತಾನೇ ಎಂದು ಕೇಳಿದರು. ಇಲ್ಲ, ಪಟ್ಟಿ ಹೇಳಿದ ಕಡೆಯೇ ಹೋದರು ಎಂದರು ಇನ್‌ಸ್ಪೆಕ್ಟರ್. ಹಾಗಾದರೆ ಆ ಪತಂಗದ ಚಿತ್ರದ ಒಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿ ಆಕೆ ಫೋನ್ ಇಟ್ಟರು.

ಶುಕ್ರವಾರ ಡ್ರೈವರ್‌ನ ತಂಗಿ ಒಬ್ಬಳೇ ಬಂದಳು. ಅವತ್ತೂ ಬೆಟ್ಟದ ಮೇಲೆ ಮೋಡ ಕವಿದಿತ್ತು. ಕಂಬಿಯ ಆಚೆ ಬಂದು ನಿಂತಳು. ಗಂಡನ ಕೇಸು, ಅಣ್ಣನ ಕೇಸು. ಎರಡಕ್ಕೂ ಅವಳೇ ಓಡಾಡಬೇಕಿತ್ತು.

"ಅಣ್ಣಾ, ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ," ಎಂದ ಅವನು. "ನೀನು ಪರದೆ ಹೊಲಿದು ತಂದುಕೊಟ್ಟೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಕಂಬಿಯ ಮೇಲಿನ ಅವನ ಕೈ ಹಿಡಿದುಕೊಂಡಳು. ಸಮಯ ಮುಗಿಯಿತು ಎಂದು ಹೇಳಲು ಬಂದ ದಫೇದಾರ, ಹೇಳದೆ ಹೊರಗೆ ಹೋಗಿ ನಿಂತ.

ಅವಳು ಹೋದ ಮೇಲೆ ಲಾಕಪ್ಪಿನ ದೀಪ ಆರಿಸಲೇ ಎಂದು ಪಹರೆಯವನು ತಾನಾಗಿ ಕೇಳಿದ. ನಿಯಮದಲ್ಲಿ ಹಾಗೆ ಮಾಡುವಂತಿರಲಿಲ್ಲ. ಇರಲಿ ಬಿಡಿ ಎಂದ ಡ್ರೈವರ್. ಗೋಡೆಗೊರಗಿ ಕೂತವನು ಮಲಗಲಿಲ್ಲ. ಕಣ್ಣು ಮುಚ್ಚುವುದು, ತಟ್ಟನೆ ತೆರೆಯುವುದು, ಬಲಗಾಲಿನಿಂದ ನೆಲವನ್ನು ಒತ್ತುವುದು, ಇದನ್ನೇ ಮಾಡುತ್ತಿದ್ದ. ಬೆಳಗಿನ ಜಾವ ಎದ್ದು ಕಂಬಿಯ ಹತ್ತಿರ ಬಂದು ಗಂಟೆ ಎಷ್ಟೆಂದು ಕೇಳಿದ. ನಾಲ್ಕಾಯಿತು ಎಂದ ಪಹರೆಯವನು.

"ಮೊದಲನೇ ಬಸ್ಸು ಯಾರು ತಗೊಂಡು ಬರ್ತಿದಾರೆ?"

ಪಹರೆಯವನು ಡಿಪೋಗೆ ಫೋನ್ ಮಾಡಿ ಕೇಳಿದ. ಮಧ್ಯಾಹ್ನದ ಪಾಳಿಯವನೇ, ನಿನ್ನೆಯಿಂದ ಎರಡೂ ಪಾಳಿ ಅವನೇ ಮಾಡುತ್ತಿದ್ದಾನೆ ಎಂದು ಅಲ್ಲಿಂದ ಹೇಳಿದರು.

"ರಾತ್ರಿ ನಿದ್ದೆ ಮಾಡಿದಾನಾ ಕೇಳಿ," ಎಂದ ಡ್ರೈವರ್.

ಪಹರೆಯವನು ಕೆಳಗಿಟ್ಟಿದ್ದ ಫೋನನ್ನು ಮತ್ತೆ ಎತ್ತಿಕೊಂಡ.